ಕಾಣದ ಕೈಯ ನೆರವು

2023ನೆಯ ಇಸವಿಯ ಬೇಸಗೆಯಲ್ಲಿ ನಾವು ಅಮೆರಿಕದ ಸ್ಯಾನ್ ಹೋಸೆ ನಗರದಲ್ಲಿ ನಮ್ಮ ಮಗನ ಮನೆಯಲ್ಲಿ ಮೂರು ತಿಂಗಳು ಇದ್ದೆವು. ಮೂವತ್ತು ವರ್ಷಗಳ ಕಾಲ ಹುಡುಗರಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಮಗೆ ಯಂತ್ರಶಾಸ್ತ್ರದ ಗಂಧವಿಲ್ಲ. ಆದರೂ ಅಲ್ಲಿ ನಡೆದ ಒಂದು ಸಂಗತಿ ಗೃಹಸ್ಥರಾದ ವಾಚಕರಿಗೆ ಉಪಯೋಗವಾದೀತೆಂದು ತೋರಿ ಇದನ್ನು ಬರೆಯುತ್ತಿದ್ದೇವೆ. ಅದರಲ್ಲಿ ನಮ್ಮ ತಪ್ಪೂ ಸೇರಿರುವುದು.

ಮಗನ ಬಳಿ ಹೋಂಡಾ ಎಸ್ 2000 ಎಂಬ ಸ್ಪೋರ್ಟ್ಸ್ ಕಾರು ಇದ್ದಿತು. ಇಬ್ಬರು ಮಾತ್ರ ಕೂರತಕ್ಕ ಈ ಕಾರು 1999ರಿಂದ 2009ರ ವರೆಗೆ ಜಪಾನಿನಲ್ಲಿ ತಯಾರಾಯಿತು. ಇದರ ಸ್ಟಿಯರಿಂಗ್ ಚಕ್ರಕ್ಕೆ ವಿದ್ಯುತ್ತಿನ ನೆರವುಂಟು. ಕೈ ಎಷ್ಟು ಬಲ ಹಾಕುತ್ತಿದೆಯೆಂಬುದನ್ನು ಒಂದು ಸೂಕ್ಷ್ಮಾಂಗವು ಅಳೆಯುವುದು; ಅದನ್ನೂ ಕಾರಿನ ವೇಗವನ್ನೂ ನೋಡಿಕೊಂಡು ಒಂದು ಪುಟ್ಟ ಗಣಕವು ವಿದ್ಯುತ್ ಮೋಟಾರಿಗೆ ಅಪ್ಪಣೆ ಕೊಡುವುದು; ಆ ಮೋಟಾರು ಗಾಲಿಗಳನ್ನು ತಿರುಗಿಸಲು ಕೈಗೂಡಿಸುವುದು. ಕಾರು ನಿಧಾನವಾಗಿರುವಾಗ ನೆರವು ಹೆಚ್ಚು. ವೇಗ ಏರಿದಂತೆಲ್ಲ ಕಡಮೆ. ಮೊದಲು ಕೈಹಿಡಿದು ಅಕ್ಷರ ತಿದ್ದಿಸಿ, ಬರವಣಿಗೆ ಕೂಡಿದ ಮೇಲೆ ಮೆಲ್ಲನೆ ಕೈಬಿಡುವ ಉಪಾಧ್ಯಾಯನ ರೀತಿಯೇ ಇದು. 1988ರಲ್ಲಿ ಸುಜುಕಿ ಸರ್ವೋ ಎಂಬ ಸಣ್ಣ ಕಾರಿನಲ್ಲಿ ಬಂದ ಈ ಏರ್ಪಾಡು ಈಗ ಹೊಸ ಕಾರುಗಳಲ್ಲಿ ಸಾಮಾನ್ಯವಾಗಿಬಿಟ್ಟಿದೆ.

ಮಗನಿಗೆ ಮಾತ್ರ ಇದರಲ್ಲಿ ಒಂದು ಅತೃಪ್ತಿ. "ಅಪ್ಪಾ, ರಸ್ತೆಯ ಮಾತು ಕೈಗೆ ನೇರವಾಗಿ ಕೇಳಿಸುವುದಿಲ್ಲ, ನಡುವೆ ಯಾರೋ ದುಭಾಷಿ ನಿಂತಂತಿದೆ" ಎನ್ನುತ್ತಿದ್ದನು. ಒಂದು ಶನಿವಾರ ಸಂಜೆ ಆ ನೆರವಿಗೆ ಸೇರಿದ ಫ್ಯೂಸನ್ನು ಕಿತ್ತು ತೆಗೆದನು. ಟಾರ್ಚು ಹಿಡಿದು ನಿಂತವರು ನಾವೇ. "ಪರಾವಲಂಬನ ತಪ್ಪಿತು, ಒಳ್ಳೆಯದಾಯಿತು" ಎಂದು ಹೊಗಳಿದೆವು ಕೂಡ. ಕಾರನ್ನು ನಡೆಸಿದಾಗ ಎದುರಿನ ಫಲಕದಲ್ಲಿ ಎಚ್ಚರಿಕೆಯ ದೀಪ ಹತ್ತಿಕೊಂಡಿತು. ಅವನು ಅದನ್ನು ಲೆಕ್ಕಿಸಲಿಲ್ಲ. ಮರುದಿನ ಬೆಟ್ಟದ ದಾರಿಯಲ್ಲಿ ಓಡಿಸಿಕೊಂಡು ಬಂದು ಬಹಳ ಸಂತೋಷಪಟ್ಟನು. ಓಡುವ ಕಾರಿನಲ್ಲಿ ಚಕ್ರ ಅಷ್ಟೇನೂ ಭಾರವಾಗಿ ತೋರುವುದಿಲ್ಲವಷ್ಟೆ.

ಸೋಮವಾರ ಬೆಳಗ್ಗೆ ನಮ್ಮ ಸೊಸೆಯ ಕಾರು ರಿಪೇರಿಗೆ ಹೋಗಿದ್ದಿತು. ತರಕಾರಿ ತರಲು ಅವಳು ಈ ಕಾರನ್ನು ತೆಗೆದುಕೊಂಡು ಹೊರಟಳು. ಮಗನು ಅವಳಿಗೆ ಹೇಳಿರಲಿಲ್ಲ, ನಾವೂ ಹೇಳಲಿಲ್ಲ. ದೀಪವನ್ನು ಕಂಡರೂ, ಗಂಡ ನಿನ್ನೆ ತಾನೆ ಓಡಿಸಿದ ಕಾರೆಂದು ನಂಬಿದಳು. ಅಂಗಡಿಯ ಮುಂದೆ ನಿಧಾನವಾಗಿ ತಿರುಗುತ್ತಿರುವಾಗ ಸೈಕಲ್ಲಿನ ಮೇಲೆ ಒಬ್ಬ ಬಾಲಕ ಅಡ್ಡ ಬಂದನು. ಅವಳು ಚಕ್ರವನ್ನು ಎಳೆದಳು. ಅದು ಕಲ್ಲಿನಂತೆ ನಿಂತಿತು. ಬ್ರೇಕು ಒತ್ತಿದ್ದರಿಂದ ಕಾರು ಆ ಮಗುವಿಗೆ ಗೇಣು ದೂರದಲ್ಲಿ ನಿಂತಿತು. ಸೊಸೆಯ ಮಣಿಕಟ್ಟು ಉಳುಕಿತು. ಮನೆಗೆ ಬಂದು ವಿಷಯ ತಿಳಿದ ಮೇಲೆ, "ಮಾವನವರೇ, ನಿಮಗೂ ಇದು ಗೊತ್ತಿತ್ತೇ?" ಎಂದಷ್ಟೇ ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಸಂಜೆ ಮಗನು ನಮಗೆ ಕಾರಣವನ್ನು ವಿವರಿಸಿದನು. ಹುಟ್ಟಿನಿಂದಲೇ ನೆರವಿಲ್ಲದ ಕಾರುಗಳಲ್ಲಿ ಚಕ್ರವನ್ನು ಹೆಚ್ಚು ಸುತ್ತು ತಿರುಗಿಸಬೇಕಾಗುವಂತೆ ಹಲ್ಲುಗಳನ್ನು ಅಳವಡಿಸಿರುತ್ತಾರೆ. ಸುತ್ತು ಹೆಚ್ಚಾದಂತೆ ಭಾರ ಇಳಿಯುವುದು. ಈ ಕಾರಿನಲ್ಲಾದರೋ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸುಮಾರು ಎರಡೂವರೆ ಸುತ್ತು ಮಾತ್ರ. ಅದರ ಮೇಲೆ, ಕೆಲಸ ನಿಲ್ಲಿಸಿದ ಮೋಟಾರನ್ನೂ ಮನುಷ್ಯನ ಕೈಯೇ ತಿರುಗಿಸಬೇಕು. ಆದುದರಿಂದ ನೆರವನ್ನು ನಂಬಿ ಕಟ್ಟಿದ ಯಂತ್ರದಿಂದ ನೆರವನ್ನು ಕಿತ್ತರೆ ಅದು ಸ್ವತಂತ್ರವಾಗುವುದಿಲ್ಲ, ಕುಂಟಾಗುವುದು.

ಬಳಿಕ ಎಂಜಿನನ್ನು ನಿಲ್ಲಿಸಿ, ಬೀಗದ ಕೈಯನ್ನು ತೆಗೆದು, ಅದೇ ಫ್ಯೂಸನ್ನು ಅದೇ ಮನೆಯಲ್ಲಿ ಕೂರಿಸಿದನು. ಅಲ್ಲಿ ಹೆಚ್ಚು ಬಲದ ಫ್ಯೂಸನ್ನಾಗಲಿ ತಂತಿಯ ತುಂಡನ್ನಾಗಲಿ ಇಡಕೂಡದು. ಎಂಜಿನು ನಡೆದೊಡನೆ ದೀಪ ಒಮ್ಮೆ ಹತ್ತಿ ಆರಿತು. ಆರದೆ ಉಳಿದಿದ್ದರೆ ಬಲ್ಲ ಮೆಕ್ಯಾನಿಕನ ಬಳಿಗೆ ಒಯ್ಯಬೇಕಾಗುತ್ತಿತ್ತು. ನಿಂತ ಕಾರಿನಲ್ಲಿ ನಾವು ಎರಡು ಬೆರಳಿನಿಂದ ಚಕ್ರವನ್ನು ತಿರುಗಿಸಿ ನೋಡಿದೆವು, ಹೂವಿನಂತೆ ಹೊರಳಿತು. ಜನರಿಲ್ಲದ ಬೀದಿಯಲ್ಲಿ ಮಗನು ಒಂದು ಸುತ್ತು ನಿಧಾನವಾಗಿ ಓಡಿಸಿ ನೋಡಿದ ಮೇಲೆಯೇ ನಮಗೆ ಸಮಾಧಾನವಾಯಿತು.

ಮಗನ ರುಚಿಯನ್ನು ನಾವು ಹಳಿಯುವುದಿಲ್ಲ. ಆದರೆ ಮನೆಯವರೆಲ್ಲ ಮುಟ್ಟುವ ವಸ್ತುವಿನಿಂದ ಒಬ್ಬನ ಸೊಗಸಿಗಾಗಿ ಏನನ್ನಾದರೂ ತೆಗೆಯುವುದಾದರೆ, ಮೊದಲು ಉಳಿದವರಿಗೆ ತಿಳಿಸತಕ್ಕದ್ದು. ಹತ್ತು ಜನ ಓಡಾಡುವ ಬೀದಿಯಲ್ಲಂತೂ ಅಂಥ ಪ್ರಯೋಗ ಸಲ್ಲದು. ಫ್ಯೂಸು ಕಿತ್ತವನು ಮಗನಾದರೂ ಬೆಳಕು ಹಿಡಿದು ಶಹಬಾಸ್ ಎಂದವರು ನಾವು. ಸೊಸೆಯ ಕೈ ವಾಸಿಯಾಗುವವರೆಗೆ, ಹತ್ತು ದಿನ, ಆ ಮನೆಯಲ್ಲಿ ಚಪಾತಿಯ ಹಿಟ್ಟನ್ನು ನಾವೇ ನಾದಿದೆವು.