ಬೀಡಿ ಬ್ರಾಂಚಿನ ದಾರಿ

2020ರ ಮಾರ್ಚ್ ತಿಂಗಳಲ್ಲಿ, ಲಾಕ್‌ಡೌನ್ ಘೋಷಣೆಯಾಗುವುದಕ್ಕೆ ಕೆಲವೇ ದಿನ ಮೊದಲು, ನನ್ನ ಮಗ ಬೆಂಗಳೂರಿನಿಂದ ಒಂದು ಚೀಲ ಮತ್ತು ಒಂದು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂಟ್ವಾಳ ತಾಲೂಕಿನ ನಮ್ಮ ಹಳ್ಳಿಯ ಮನೆಗೆ ಬಂದ. ನಾನು ನಿವೃತ್ತನಾಗಿ ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ. 'ವರ್ಕ್ ಫ್ರಂ ಹೋಮ್' ಎಂಬ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ಹೊಸ ಯುಗವೊಂದು ಹುಟ್ಟಿತೆಂಬಂತೆ ಪತ್ರಿಕೆಗಳು ಬರೆಯುತ್ತಿದ್ದವು. ನನಗೆ ಒಳಗೊಳಗೇ ನಗು ಬರುತ್ತಿತ್ತು. ನನ್ನ ತಾಯಿ ಇದೇ ಮನೆಯ ಜಗಲಿಯಲ್ಲಿ ಕುಳಿತು ಮೂವತ್ತೈದು ವರ್ಷ ಬೀಡಿ ಕಟ್ಟಿದವರು. ಮನೆಯಿಂದಲೇ ಕೆಲಸವೆಂದರೆ ಇನ್ನೇನು?

ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಎಲೆಯನ್ನು ನೀರಿನಲ್ಲಿ ನೆನೆಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಮೆತ್ತಗಾದ ಮೇಲೆ ಅಳತೆಯ ತಗಡನ್ನಿಟ್ಟು ಕತ್ತರಿಸಬೇಕು. ಮಡಿಲಲ್ಲಿ ತಡ್ಪೆ (ಮೊರಕ್ಕೆ ನಮ್ಮ ಕಡೆಯ ಹೆಸರು), ಅದರಲ್ಲಿ ಹೊಗೆಸೊಪ್ಪಿನ ಪುಡಿ. ಎಲೆಗೆ ಪುಡಿ ಹಾಕಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯಬೇಕು. ಒಂದು ಕಟ್ಟಿಗೆ ಇಪ್ಪತ್ತೈದು ಬೀಡಿ. ದಿನಕ್ಕೆ ಸಾವಿರ ಬೀಡಿಯೆಂದರೆ ನಲವತ್ತು ಕಟ್ಟು, ಅಂದರೆ ಸಾವಿರ ಸಲ ಅದೇ ಹೆಬ್ಬೆರಳು, ಅದೇ ಬಗ್ಗಿದ ಕತ್ತು.

ಮಧ್ಯಾಹ್ನದ ಗಂಜಿಯಾದ ಮೇಲೆ ನೆರೆಯ ನಾಲ್ಕೈದು ಹೆಂಗಸರು ತಮ್ಮ ತಮ್ಮ ತಡ್ಪೆಗಳೊಂದಿಗೆ ನಮ್ಮ ಜಗಲಿಗೆ ಬರುತ್ತಿದ್ದರು. ಕೈ ತನ್ನ ಪಾಡಿಗೆ ನಡೆಯುತ್ತಿದ್ದಂತೆ ಬಾಯಿ ಊರನ್ನೆಲ್ಲ ಸುತ್ತಿ ಬರುತ್ತಿತ್ತು. ಸಂಜೆಯಾಗುತ್ತಲೇ ಕಟ್ಟುಗಳನ್ನು ಬುಟ್ಟಿಗೆ ತುಂಬಿ, ಮುಖ ತೊಳೆದು, ಬೇರೆ ಸೀರೆಯುಟ್ಟು, ಎಲ್ಲರೂ ಒಟ್ಟಾಗಿ ಒಂದು ಮೈಲಿಯಾಚೆಯ ಬೀಡಿ ಬ್ರಾಂಚಿಗೆ ಹೊರಡುತ್ತಿದ್ದರು. ಅಲ್ಲಿ ಎಣಿಸುವವನು ಹತ್ತಾರು ಬೀಡಿಗಳನ್ನು 'ಸರಿಯಿಲ್ಲ' ಎಂದು ಪಕ್ಕಕ್ಕೆಸೆಯುತ್ತಿದ್ದ. ಅದರ ಕೂಲಿ ಹೋಯಿತು. (ಬೀಡಿ ಕಾರ್ಮಿಕರ ಕಾಯಿದೆ 1966ರಲ್ಲೇ ಬಂದಿತ್ತು. ನಮ್ಮ ಜಗಲಿಗೆ ಅದು ತಲುಪುವ ಹೊತ್ತಿಗೆ ನಾನು ಹೈಸ್ಕೂಲು ಮುಗಿಸಿದ್ದೆ.) ಗಡಿಯಾಚೆಯ ಕಣ್ಣೂರಿನಲ್ಲಿ 1969ರಲ್ಲಿ ಆರಂಭವಾದ ದಿನೇಶ್ ಬೀಡಿ ಸಹಕಾರ ಸಂಘದಲ್ಲಿ ಎಲ್ಲರೂ ಒಂದೇ ಸೂರಿನಡಿ ಕುಳಿತು ಬೀಡಿ ಕಟ್ಟುತ್ತಿದ್ದರಂತೆ, ಒಬ್ಬರು ಗಟ್ಟಿಯಾಗಿ ಪತ್ರಿಕೆ ಓದುತ್ತಿದ್ದರಂತೆ. ನಮ್ಮಲ್ಲಿ ಅಂಥ ಏರ್ಪಾಡಿರಲಿಲ್ಲ. ನಮ್ಮ ಪತ್ರಿಕೆ ಪಕ್ಕದ ಮನೆಯ ಅಕ್ಕ.

ಆದರೂ ಅಮ್ಮನನ್ನು ಅಷ್ಟು ಕಾಲ ಗಟ್ಟಿಯಾಗಿರಿಸಿದ್ದು ಆ ಜಗಲಿ ಮತ್ತು ಆ ದಾರಿ ಎಂದೇ ಈಗ ನನಗನ್ನಿಸುತ್ತದೆ. ಅವರನ್ನು ಕುಗ್ಗಿಸಿದ್ದು ರಾತ್ರಿಯ ಕೆಲಸ. ಉಳಿದವರು ಮನೆ ಸೇರಿ ಮಲಗಿದ ಮೇಲೆ ಚಿಮಣಿ ದೀಪದ ಮುಂದೆ ಅಮ್ಮ ಒಬ್ಬರೇ ಇನ್ನೂರು ಮುನ್ನೂರು ಬೀಡಿ ಹೆಚ್ಚಿಗೆ ಕಟ್ಟುತ್ತಿದ್ದರು. ಆ ಹೆಚ್ಚಿನ ಬೀಡಿಯೇ ನನ್ನ ಬಿ.ಎಡ್. ಶುಲ್ಕವಾಯಿತು. ಕತ್ತು ನೋವು, ಆರದ ಕೆಮ್ಮು ಕೊನೆಯವರೆಗೂ ಉಳಿದವು. ಹಗಲಲ್ಲಿ ನಾವೇನು ಕಡಿಮೆ ಕಾಡಿದೆವೇ? 'ಅಮ್ಮ ಮನೆಯಲ್ಲೇ ಇದ್ದಾರಲ್ಲ' ಎಂದು ನೀರು ಕೇಳಿದ್ದೇವೆ, ದನ ಕಟ್ಟಲು ಕಳುಹಿಸಿದ್ದೇವೆ, ಎದ್ದು ಬರಲು ತಡವಾದರೆ ಸಿಡುಕಿದ್ದೇವೆ. ಮನೆಯಲ್ಲಿ ಕುಳಿತು ದುಡಿಯುವವರ ದುಡಿಮೆಯನ್ನು ಮನೆಯವರು ಕೆಲಸವೆಂದು ಎಣಿಸುವುದಿಲ್ಲ. ಕೆಲಸ ಕೊಟ್ಟವನು ಅವರ ಮನೆಯನ್ನು ಮನೆಯೆಂದು ಎಣಿಸುವುದಿಲ್ಲ.

ಇದನ್ನೆಲ್ಲ ಕಣ್ಣಾರೆ ಕಂಡಿದ್ದ ನಾನು ಮಗನ ವಿಷಯದಲ್ಲಿ ಮಾಡಿದ್ದಾದರೂ ಏನು? 'ಹೇಗೂ ಮನೆಯಲ್ಲೇ ಇದ್ದೀಯಲ್ಲ, ಈ ಬ್ಯಾಂಕಿನ ಫಾರಂ ತುಂಬಿಸು ಮಗಾ', 'ಪಂಪಿನ ಸ್ವಿಚ್ಚು ಹಾಕಿ ಬಾ.' ಅವನ ಮೀಟಿಂಗುಗಳೋ, ಅಮೆರಿಕದ ಗಡಿಯಾರಕ್ಕೆ ಹೊಂದಿಕೊಂಡು ರಾತ್ರಿಯೂ ಮುಗಿಯುತ್ತಿರಲಿಲ್ಲ. ಸಿಗ್ನಲ್ ಸಿಗುತ್ತಿದ್ದುದು ಒಂದೇ ಕೋಣೆಯ ಕಿಟಕಿಯ ಬಳಿ. ಅಲ್ಲಿ ಮಂಚದ ಮೇಲೆ ಕಾಲು ಮಡಚಿ, ಮಡಿಲಲ್ಲಿ ಯಂತ್ರವನ್ನಿಟ್ಟುಕೊಂಡು ಕೂರುತ್ತಿದ್ದ. 'ಲ್ಯಾಪ್' ಎಂದರೆ ಮಡಿಲೆಂದೇ ಅರ್ಥವಲ್ಲವೇ? ತಡ್ಪೆಯ ಜಾಗಕ್ಕೆ ಲ್ಯಾಪ್‌ಟಾಪ್ ಬಂದಿತ್ತು, ಬಗ್ಗಿದ ಕತ್ತು ಅದೇ ಇತ್ತು. ನನ್ನ ಕಣ್ಣಿಗೆ ಅದು ಬೀಳಲಿಲ್ಲ.

ಜುಲೈ ತಿಂಗಳ ಒಂದು ಮಳೆಯ ರಾತ್ರಿ ನೀರು ಕುಡಿಯಲೆಂದು ಎದ್ದೆ. ಗಂಟೆ ಒಂದೂವರೆಯಾಗಿತ್ತು. ಅವನ ಕೋಣೆಯಲ್ಲಿ ಬೆಳಕಿತ್ತು. ಬಾಗಿಲಲ್ಲಿ ನಿಂತೆ. ಹಣೆಗೆ ಕೈಯಿಟ್ಟು ಸುಮ್ಮನೆ ಕುಳಿತಿದ್ದ. ನನ್ನನ್ನು ನೋಡಿ, "ಅಪ್ಪಾ, ಇವತ್ತು ಯಾವ ವಾರ?" ಎಂದು ಕೇಳಿದ. ತಮಾಷೆಗೆ ಕೇಳುತ್ತಿದ್ದಾನೆಂದುಕೊಂಡೆ. ಅವನಿಗೆ ನಿಜಕ್ಕೂ ತಿಳಿದಿರಲಿಲ್ಲ. ಮೂರು ವಾರಗಳಿಂದ ಸರಿಯಾಗಿ ನಿದ್ರೆಯಿಲ್ಲವೆಂದೂ ಕೆಲಸದ ಹೊರತಾದ ಒಂದು ಮಾತನ್ನು ಯಾರೊಡನೆ ಆಡಿ ಎಷ್ಟು ದಿನವಾಯಿತೋ ನೆನಪಿಲ್ಲವೆಂದೂ ಹೇಳಿದ. ಒಂದೇ ಸೂರಿನಡಿ ಇದ್ದ ಅಪ್ಪನಿಗೆ ಆ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು.

ಮಂಗಳೂರಿಗೆ ಹೋಗಿ ಮನೋವೈದ್ಯರೊಬ್ಬರನ್ನು ಕಂಡೆವು. ಇದನ್ನು ಬರೆಯಲು ನನಗೆ ಸಂಕೋಚವಿತ್ತು. "ಬರೆಯಿರಿ ಅಪ್ಪಾ, ಅದರಲ್ಲಿ ಮುಚ್ಚಿಡುವುದೇನಿದೆ?" ಎಂದವನು ಮಗನೇ. ನನ್ನ ಬರೆಯುವ ಮೇಜನ್ನು ಕಿಟಕಿಯ ಬಳಿಗೆ ಸರಿಸಿ ಅವನಿಗೆ ಬಿಟ್ಟುಕೊಟ್ಟೆ. ಪರದೆ ಕಣ್ಣಿನ ಮಟ್ಟಕ್ಕೆ ಬರಲಿ ಎಂದು ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎರಡು ಸಂಪುಟಗಳನ್ನು ಅದರ ಕೆಳಗಿಟ್ಟೆವು. ಕೀಲಿಮಣೆ ಬೇರೆ ತರಿಸಿದೆವು. (ನಿಘಂಟಿಗೆ ಇಂಥ ಉಪಯೋಗವೂ ಉಂಟೆಂದು ತರಗತಿಯಲ್ಲಿ ನಾನೆಂದೂ ಹೇಳಿರಲಿಲ್ಲ.) ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕೆಂಬ ಕಣ್ಣಿನ ವೈದ್ಯರ ಮಾತಿಗೆ ಅಂಗಳದ ಮಾವಿನ ಮರ ಒದಗಿತು. ರಾತ್ರಿ ಒಂಬತ್ತರ ಮೇಲೆ ಮೀಟಿಂಗು ಬೇಡವೆಂದು ಮೇಲಿನವರಿಗೆ ಬರೆದ. ಅದು ಅರ್ಧದಷ್ಟು ಮಾತ್ರ ಫಲಿಸಿತು. ಮರುವರ್ಷ, 2021ರಲ್ಲಿ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜೊತೆಯಾಗಿ ಪ್ರಕಟಿಸಿದ್ದನ್ನು ಪತ್ರಿಕೆಯಲ್ಲಿ ಓದಿದಾಗ, ಅಮ್ಮನ ವಾರದ ಗಂಟೆಗಳನ್ನು ಲೆಕ್ಕ ಹಾಕಲು ಕುಳಿತೆ. ಅರ್ಧಕ್ಕೇ ನಿಲ್ಲಿಸಿದೆ.

ಇದೆಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ಮಾತ್ರ ಬ್ರಾಂಚಿನ ದಾರಿ. ಸಂಜೆ ಐದೂವರೆಗೆ ಲ್ಯಾಪ್‌ಟಾಪ್ ಮುಚ್ಚಿ, ಮುಖ ತೊಳೆದು, ಅಂಗಿ ಬದಲಿಸಿ, ನಾವಿಬ್ಬರೂ ಹಳೆಯ ಬೀಡಿ ಬ್ರಾಂಚಿದ್ದ ಕಟ್ಟಡದವರೆಗೆ ನಡೆದು ಬರತೊಡಗಿದೆವು. ಆ ಕೋಣೆಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿಯಿದೆ. ಮೊದಲ ವಾರ ಇಬ್ಬರೂ ಮಾತಾಡಲಿಲ್ಲ. ಎರಡನೆಯ ವಾರ ಅವನು ಅಜ್ಜಿಯ ಬಗ್ಗೆ ಕೇಳಿದ. ರಾತ್ರಿಯ ಮೀಟಿಂಗು ಇದ್ದರೂ ಈ ಒಂದು ಗಂಟೆಯನ್ನು ಅವನು ಯಾರಿಗೂ ಬಿಟ್ಟುಕೊಡಲಿಲ್ಲ. ನಾನೂ ಹಗಲಲ್ಲಿ ಅವನ ಬಾಗಿಲು ತಟ್ಟುವುದನ್ನು ಬಿಟ್ಟೆ. ಪಂಪಿನ ಸ್ವಿಚ್ಚು ಅಷ್ಟೇನೂ ದೂರವಿಲ್ಲ.

ಈಗ ಅವನು ಬೆಂಗಳೂರಿನಲ್ಲಿದ್ದಾನೆ. ವಾರದಲ್ಲಿ ಮೂರು ದಿನ ಕಚೇರಿ, ಎರಡು ದಿನ ಮನೆ. ಆ ಎರಡು ದಿನ ಸಂಜೆ ನನಗೆ ಫೋನು ಬರುತ್ತದೆ. "ಬ್ರಾಂಚಿಗೆ ಹೊರಟಿದ್ದೇನೆ ಅಪ್ಪಾ" ಎನ್ನುತ್ತಾನೆ. ಹಿನ್ನೆಲೆಯಲ್ಲಿ ವಾಹನಗಳ ಗದ್ದಲ. ಅವನು ಹೇಳುವುದರಲ್ಲಿ ಅರ್ಧ ನನಗೆ ಕೇಳಿಸುವುದೇ ಇಲ್ಲ. ಹೂಂಗುಟ್ಟುತ್ತಾ ನಾನೂ ಇಲ್ಲಿ ಕೊಡೆ ಹಿಡಿದು ಹೊರಡುತ್ತೇನೆ.