ವಿದುರಾಶ್ವತ್ಥಕ್ಕೆ ಚಿನ್ನಿಯ ಸವಾರಿ

ಮೊನ್ನೆ ಬೆಂಗಳೂರಿನಿಂದ ಮನೆಯವರೆಲ್ಲ ವಿದುರಾಶ್ವತ್ಥಕ್ಕೆ ಹೊರಟೆವು. ನಮ್ಮ ಪುಕ್ಕಲು ಮೊಲ ಚಿನ್ನಿಯನ್ನು ನೋಡಿಕೊಳ್ಳಲು ಯಾರೂ ಸಿಗಲಿಲ್ಲ. ಸರಿ, ಬುಟ್ಟಿಗೆ ಹುಲ್ಲು ಹಾಸಿ ಕಾರಿಗೆ ಹತ್ತಿಸಿದ್ದಾಯ್ತು. ದೊಡ್ಡಬಳ್ಳಾಪುರ ದಾಟುವಷ್ಟರಲ್ಲಿ ಕಲ್ಲಿನ ಹಾಗೆ ಕೂತುಬಿಟ್ಟಿತ್ತು.. ಹುಲ್ಲು ಮೂಸಲೂ ಇಲ್ಲ. ಕಿವಿ ಮುಟ್ಟಿದರೆ ಕಾದ ಕಾವಲಿ! ಮೊಲ ನಮ್ಮ ಹಾಗೆ ಬೆವರುವುದಿಲ್ಲ, ಮೈಯ ಸೆಕೆ ಹೆಚ್ಚಾಗಿ ಕಿವಿಯಿಂದಲೇ ಹೋಗಬೇಕು. ಅರ್ಧ ದಿನ ಏನೂ ತಿನ್ನದಿದ್ದರೆ ಕರುಳಿನ ಕೆಲಸ ನಿಂತು ಪ್ರಾಣಕ್ಕೇ ಬರಬಹುದು. ಹಾಡು ನಿಲ್ಲಿಸಿ, ಒದ್ದೆ ಕೈಯಿಂದ ಕಿವಿ ಸವರುತ್ತಾ ಕೂತೆ.

ಅಲ್ಲಿ ಎಲ್ಲರೂ ನಾಗರಕಲ್ಲುಗಳನ್ನೂ 1938ರ ಗೋಲಿಬಾರಿನ ಸ್ಮಾರಕವನ್ನೂ ನೋಡಲು ಹೋದರು. ನಾನು ನೆರಳಲ್ಲಿ ಬುಟ್ಟಿ ಕಾಯುತ್ತಿದ್ದೆ. (ನಾಗಪ್ಪನ ಊರಿಗೆ ಮೊಲ ತಂದಿದ್ದೀಯಲ್ಲೋ ಅಂತ ಅಮ್ಮನ ತಮಾಷೆ ಬೇರೆ.) ಮೂರು ಗಂಟೆಗೆ ಚಿನ್ನಿ ಒಂದು ಕೊತ್ತಂಬರಿ ಕಡ್ಡಿ ಎಳೆದುಕೊಂಡಿತು. ಆಮೇಲೆ ನಾಲ್ಕು ಹಿಕ್ಕೆ. ಹಿಕ್ಕೆ ಕಂಡು ಇಷ್ಟು ಖುಷಿಪಟ್ಟಿದ್ದು ಜೀವಮಾನದಲ್ಲೇ ಮೊದಲು!