ಬಿರುಕು ಮುಚ್ಚುವ ಮುನ್ನ

ದೋಣಿಯ ರಂಧ್ರದಿಂದ ನೀರು ಒಳನುಗ್ಗುವಂತೆ ಆತ್ಮದೊಳಗೆ ಕರ್ಮವು ಹರಿದುಬರುವುದು ಆಸ್ರವ. ಆ ರಂಧ್ರವನ್ನು ಮುಚ್ಚುವುದು ಸಂವರ. ಒಳಗೆ ನಿಂತ ನೀರನ್ನು ಮೊಗೆದು ಚೆಲ್ಲುವುದು ನಿರ್ಜರೆ. ಶ್ರಾವಕರು ಬಾಲ್ಯದಿಂದಲೂ ಕೇಳಿಬಂದ ಈ ದೃಷ್ಟಾಂತದಲ್ಲಿ ರಂಧ್ರವನ್ನು ಮುಚ್ಚುವುದು ಶ್ರೇಯಸ್ಕರವೇ ಸರಿ. ಆದರೆ ಮನೆಯ ಗೋಡೆಯ ರಂಧ್ರದೊಳಗೆ ಈಗಾಗಲೇ ಒಂದು ಜೀವ ನೆಲೆಸಿದ್ದರೆ?

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯು ನಾಗರಹೊಳೆ ಅರಣ್ಯದ ಹೆಬ್ಬಾಗಿಲು. ಆ ಅರಣ್ಯವು 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಾಗದದ ಮೇಲೆ ಕಾಡಿಗೊಂದು ಗಡಿಯುಂಟು. ಕಿರುಜೀವಿಗಳಿಗೆ ಅದರ ಅರಿವಿಲ್ಲ. ಇಂತಹ ಕಾಡಂಚಿನ ಊರುಗಳಲ್ಲಿ ಬೇಸಿಗೆಗೆ ಮಣ್ಣಿನ ಗೋಡೆ ಬಿರಿಯುತ್ತದೆ, ಕಿಟಕಿಯ ಚೌಕಟ್ಟು ಒಣಗಿ ಗೋಡೆಯಿಂದ ಸರಿಯುತ್ತದೆ, ಸೂರಿನ ಹಲಗೆಯ ಸಂದು ಅಗಲವಾಗುತ್ತದೆ. ಮನುಷ್ಯನಿಗೆ ಅದು ದುರಸ್ತಿಯ ಕೆಲಸ. ಗುಬ್ಬಿಗೆ, ಹಲ್ಲಿಗೆ, ಬಾವಲಿಗೆ, ಕುಟುಕದ ಮುಜಂಟಿ ಜೇನಿಗೆ ಅದೇ ಮನೆ.

ಗೃಹಸ್ಥನು ಮನೆಯನ್ನು ಕಾಯುವಾಗ ಆರಂಭೀ ಹಿಂಸೆ ಸಂಪೂರ್ಣವಾಗಿ ತಪ್ಪದು. ಆದುದರಿಂದಲೇ ಶಾಸ್ತ್ರಕಾರರು ಪ್ರಮಾದವನ್ನು ಹಿಂಸೆಯ ಮೂಲವೆಂದು ಎಣಿಸಿದರು. ನೋಡದೆ ಗಾರೆ ಮೆತ್ತುವ ಕೈ ಪ್ರಮಾದದ ಕೈ. ಗಾರೆಯವನು ಮೆತ್ತಿದನೆಂದು ಯಜಮಾನನು ಹೊಣೆಯಿಂದ ಪಾರಾಗಲಾರ. ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಜೈನಧರ್ಮವು ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ಹಾಗೆಂದು ಬಿರುಕನ್ನು ಬಿಟ್ಟುಬಿಡುವುದೂ ಧರ್ಮವಲ್ಲ. ಇಂದಿನ ಸಣ್ಣ ಸಂದಿನಲ್ಲಿ ನೀರು ಇಳಿದರೆ ನಾಳೆ ಮರಕ್ಕೆ ಗೆದ್ದಲು ಹತ್ತುತ್ತದೆ. ತಳಪಾಯದ ಬಿಲಕ್ಕೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಕೊನೆಗೆ ವಿಷವೋ ದೊಣ್ಣೆಯೋ ಅನಿವಾರ್ಯವೆನ್ನಿಸುತ್ತದೆ. ಸಕಾಲದಲ್ಲಿ ಮುಚ್ಚಿದ ಬರಿದಾದ ರಂಧ್ರವು ಮುಂದಿನ ಹಿಂಸೆಯನ್ನು ತಡೆಯುತ್ತದೆ. ಬರಿದಾಗಿದೆಯೇ ಎಂದು ನೋಡುವುದೇ ಶ್ರಾವಕನ ಕರ್ತವ್ಯ.

ನೋಡುವುದು ಕಷ್ಟವಲ್ಲ. ಮುಸ್ಸಂಜೆಯಲ್ಲಿ ಅರ್ಧ ಗಂಟೆ ಗೋಡೆಯ ಮುಂದೆ ನಿಂತರೆ ಬಾವಲಿ ಹೊರಬೀಳುವುದು ಕಾಣುತ್ತದೆ. ಬೆಳಿಗ್ಗೆ ನಿಂತರೆ ಗುಬ್ಬಿ ಗುಟುಕು ತರುವುದು ಕಾಣುತ್ತದೆ. ಗುಬ್ಬಿಯ ಮೊಟ್ಟೆ ಒಡೆದು ಮರಿ ಹಾರಲು ಸುಮಾರು ಒಂದು ತಿಂಗಳು ಸಾಕು. ಅಲ್ಲಿಯವರೆಗೆ ಆ ಒಂದು ಸಂದನ್ನು ಬಿಟ್ಟು ಉಳಿದವನ್ನು ಮುಚ್ಚಬಹುದು. ಕಣಜವು ಮೆತ್ತಿದ ಮಣ್ಣಿನ ಮುಚ್ಚಳ ಇಡಿಯಾಗಿದ್ದರೆ ಒಳಗೆ ಮರಿ ಇರಬಹುದು. ತೂತಾಗಿದ್ದರೆ ಅದು ಹೊರಟುಹೋಗಿರುವ ಸಂಭವವೇ ಹೆಚ್ಚು. ಮುಜಂಟಿಯು ವರ್ಷವಿಡೀ ಇರುವಂಥದು. ಅದರ ಮೇಣದ ಕೊಳವೆಯನ್ನು ಬಿಟ್ಟು ಸುತ್ತ ಮಾತ್ರ ಗಾರೆ ತುಂಬಿದರೆ ಸಾಕು. ಮಣ್ಣಿನ ಗೋಡೆಗೆ ಸಿಮೆಂಟಿಗಿಂತ ಹುಲ್ಲು ಬೆರೆಸಿದ ಮಣ್ಣು ಅಥವಾ ಸುಣ್ಣದ ಗಾರೆ ಲೇಸು. ಸಿಮೆಂಟು ಮಣ್ಣಿಗೆ ಸರಿಯಾಗಿ ಹೊಂದದೆ ಮತ್ತೆ ಬಿರಿಯುತ್ತದೆ, ಒಳಗಿನ ತೇವವನ್ನೂ ಹಿಡಿದಿಡುತ್ತದೆ. ಮಳೆಗಾಲದಲ್ಲಿ ಜೀವಿಗಳು ಹೆಚ್ಚುವುದರಿಂದ ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುವರು. ಗೃಹಸ್ಥರೂ ದೊಡ್ಡ ದುರಸ್ತಿಯನ್ನು ದೀಪಾವಳಿಯ ನಂತರದ ಒಣ ದಿನಗಳಿಗೆ ಇರಿಸಿಕೊಂಡರೆ ನೋಡಲು ವ್ಯವಧಾನವೂ ಗಾರೆ ಒಣಗಲು ಬಿಸಿಲೂ ದೊರೆಯುವುವು.

ಇದೇ ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ಬಾಹುಬಲಿ ಸ್ವಾಮಿಯ ಮೂರ್ತಿಯಿದೆ. ತಪೋನಿರತನಾದ ಬಾಹುಬಲಿಯ ಪಾದದಲ್ಲಿ ಹುತ್ತ ಬೆಳೆಯಿತು, ಮೈಗೆ ಬಳ್ಳಿ ಹಬ್ಬಿತು ಎಂಬುದು ಪುರಾಣಪ್ರಸಿದ್ಧ. ತನ್ನ ದೇಹವನ್ನೇ ಅನ್ಯಜೀವಿಗಳಿಗೆ ನೆಲೆಯಾಗಿಸಿದ ಆ ತ್ಯಾಗವನ್ನು ಧರ್ಮವು ಗೃಹಸ್ಥನಿಂದ ಕೇಳುವುದಿಲ್ಲ. ಗಾರೆಯ ಕರಣೆ ಎತ್ತುವ ಮೊದಲು ಒಂದು ನೋಟವನ್ನಷ್ಟೇ ಕೇಳುತ್ತದೆ. ಬಸದಿಗಳ ವಸತಿಗೃಹಗಳನ್ನು ದುರಸ್ತಿಗೊಳಿಸುವ ಧರ್ಮದರ್ಶಿಗಳು ಗುತ್ತಿಗೆಯ ಕರಾರಿನಲ್ಲಿ ಇದನ್ನು ಒಂದು ಸಾಲಾಗಿ ಸೇರಿಸಿದರೆ, ಅದೇ ಅಹಿಂಸೆಯ ಆಚರಣೆಯಾದೀತು.